ಭಾಂಡೆ ತಿಕ್ಕುವ ಸ್ಪ್ಯಾನಿಷ್

ಜೇವರ್ಗಿ
ಗುರುವಾರ, ೧೪ ಜುಲೈ ೧೯೯೪

ಶಿವಕಾಂತಾ,

ಪತ್ರದ ಮೊದಲಿಗೆ ಆಶೀರ್ವಾದ ಬರೆಯಬೇಕು ಎಂದು ನನಗೂ ಗೊತ್ತು. ಅಷ್ಟು ಸಾಲಿ ಕಲಿತಿದ್ದೇನೆ. ಆದರೆ ಈಗ ಬರೆಯುವುದಿಲ್ಲ. ಕೊನೆಯ ಹಾಳೆಗೆ ಬರುವ ಹೊತ್ತಿಗೆ ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಅಲ್ಲಿ ಬರೆಯುತ್ತೇನೆ. ಈಗ ಸಿಟ್ಟಿದೆ. ಭಾನುವಾರ ಬಂದ ಸಿಟ್ಟು ಗುರುವಾರವಾದರೂ ಇಳಿದಿಲ್ಲ. ರೊಟ್ಟಿ ಬಡಿಯುವಾಗ ಇಳಿಯುತ್ತದೆ ಅಂದುಕೊಂಡೆ, ರೊಟ್ಟಿ ಹರಿಯಿತು, ಸಿಟ್ಟು ಹಾಗೇ ಉಳಿಯಿತು.

ನೀನು ಸೋಮವಾರ ಬೆಳಿಗ್ಗೆ ಹೇಳದೆ ಕೇಳದೆ ಚೀಲ ಎತ್ತಿಕೊಂಡು ಅತನೂರಿಗೆ ನಿನ್ನ ಅಪ್ಪನ ಮನೆಗೆ ಹೋದೆ. ಬರುವ ಸೋಮವಾರ ದಿಲ್ಲಿಯ ರೈಲು ಹತ್ತುತ್ತೀ. ಅಂಚೆಗೆ ಹಾಕಿದರೆ ಈ ಪತ್ರ ನೀನು ಹೋದ ಮೇಲೆ ಅಲ್ಲಿಗೆ ಮುಟ್ಟುತ್ತದೆ, ನಿನ್ನ ಅಪ್ಪ ಒಡೆದು ಓದುತ್ತಾನೆ. ಅದಕ್ಕೆ ಅಫಜಲಪುರ ಬಸ್ಸಿನ ಕಂಡಕ್ಟರ್ ಬಸವಂತರಾಯನ ಕೈಯಲ್ಲಿ ಕೊಡುತ್ತಿದ್ದೇನೆ. ಅವನೂ ಒಡೆಯಬಾರದೆಂದು ಲಕೋಟೆಯ ಬಾಯಿಗೆ ದಾರ ಹಾಕಿ ಹೊಲಿಯುತ್ತೇನೆ. ದಾರ ಕಪ್ಪು. ಬೇರೆ ಬಣ್ಣದ ದಾರ ಕಂಡರೆ ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದಾರೆ ಎಂದು ತಿಳಿ. ಒಬ್ಬಳೇ ಇದ್ದಾಗ ಓದು.

ಭಾನುವಾರದ್ದನ್ನು ಮೊದಲು ಮುಗಿಸುತ್ತೇನೆ. ಗುಲಬರ್ಗಾದಿಂದ ನಿಮ್ಮ ಕಾಲೇಜಿನ ಸುಮಿತ್ರಾಬಾಯಿ ಮೇಡಂ ಬಂದಿದ್ದರು. ದಿಲ್ಲಿಯಲ್ಲಿ ನಿನಗೆ ಸ್ಪ್ಯಾನಿಷ್ ಓದಲು ಸೀಟು ಸಿಕ್ಕಿತೆಂದು ಸಂತೋಷಪಟ್ಟು, ಬಸ್ಸು ಹತ್ತಿ, ಮನೆ ಹುಡುಕಿಕೊಂಡು ಬಂದ ಹೆಣ್ಣುಮಗಳು. ನಾನು ಚುರುಮುರಿ ಸುಸಲಾ ಮಾಡಿದ್ದೆ. ಚಹಾ ಹಿಡಿದುಕೊಂಡು ಒಳಗಿನಿಂದ ಬರುತ್ತಿದ್ದೆ. ಅವರು ಕೇಳಿದರು: "ಈ ಜೇವರ್ಗಿಯೊಳಗ ಸ್ಪ್ಯಾನಿಷ್ ಎಲ್ಲಿ ಕಲ್ತಿ ಬೇ ನೀ?" ನೀನು ಅಂದೆ: "ನಾನೇ ಕಲ್ತೇನ್ರಿ ಮೇಡಂ, ಪುಸ್ತಕಾ ನೋಡಿ. ಸಣ್ಣವ್ವಗೂ ಒಂಚೂರು ಬರ್ತದ. ಅದು ಭಾಂಡೆ ತಿಕ್ಕೋ ಸ್ಪ್ಯಾನಿಷ್ರಿ. ದಿಲ್ಲಿಗಿ ಹೋಗಿ ಮೊದ್ಲ ಅದನ್ನ ಮರೀಬೇಕು."

ಮೇಡಂ ನಕ್ಕರು. ಅವರ ತಪ್ಪಿಲ್ಲ, ಅವರಿಗೇನು ಗೊತ್ತು. ನೀನು ನಕ್ಕೆ. ಚಹಾದ ತಾಟು ಹಿಡಿದು ನಾನೂ ನಕ್ಕೆ. ನೀನು ನಕ್ಕಿದ್ದನ್ನು ಒಂದು ದಿನ ಮರೆತೇನು, ನಾನು ನಕ್ಕಿದ್ದನ್ನು ಮರೆಯಲಾರೆ.

ನಿನ್ನ ಅರ್ಜಿಯ ನಕಲು ಪ್ರತಿ ಮಾಡದಲ್ಲಿ ಇತ್ತು. ಆ ಅಕ್ಷರಗಳನ್ನು ನಾನು ಕೂಡಿಸಿ ಓದಬಲ್ಲೆ, ಆದರೆ ಇಂಗ್ಲಿಷಿನ ಅರ್ಥ ಆಗುವುದಿಲ್ಲ. ಸುಲ್ತಾನಬಿಯ ಮಗಳು ನಜಮುನ್ನಿಸಾ ಸಾಲಿಯಲ್ಲಿ ಕಲಿಸುತ್ತಾಳಲ್ಲ, ಅವಳ ಕಡೆ ಒಯ್ದೆ. ಈ ಭಾಷೆ ಎಲ್ಲಿ, ಯಾರಿಂದ ಕಲಿತಿರಿ ಎಂದು ಅಲ್ಲಿ ಕೇಳಿದ್ದಾರಂತೆ. ಸ್ವಂತ ಅಭ್ಯಾಸ ಎಂದು ಬರೆದಿದ್ದೀಯಂತೆ. ನಜಮುನ್ನಿಸಾ ಎರಡು ಸಲ ಓದಿದಳು. ಆಮೇಲೆ ನನ್ನ ಮುಖ ನೋಡಿ, "ಫಾರಂನ್ಯಾಗ ಜಾಗಾ ಸಣ್ಣದಿರ್ತದ್ರಿ ಖಾಲಾ" ಅಂದಳು. ನನ್ನ ಹೆಸರು ಹಿಡಿಸದಷ್ಟು ಸಣ್ಣ ಜಾಗ.

ಹೌದು, ಭಾಂಡೆ ತಿಕ್ಕುತ್ತಲೇ ಕಲಿತೆ. ಎಲ್ಲಿ ಕಲಿಯುವೆ, ದಿಲ್ಲಿಯೋ ಪುಣೆಯೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಮೂರು ಸಲ ಸಾಲಿ ಬಿಟ್ಟವಳು ನಾನು. ಒಮ್ಮೆ ಅವ್ವನಿಗೆ ವಿಷಮಜ್ವರ ಬಂದು ಬಿಟ್ಟೆ, ಒಮ್ಮೆ ಮಾಸ್ತರರ ವರ್ಗವಾಗಿ ವರ್ಷಗಟ್ಟಲೆ ಸಾಲಿಗೆ ಬೀಗ ಬಿತ್ತು, ಮೂರನೆಯ ಸಲ ದೊಡ್ಡವಳಾದೆ ಎಂದು ಬಿಡಿಸಿದರು. ಆರನೆಯ ತರಗತಿ ಅರ್ಧ. ಹದಿನಾಲ್ಕಕ್ಕೆ ಊರ ಹೊರಗಿನ ಸಿಸ್ಟರುಗಳ ದವಾಖಾನಿಗೆ ಬಾಟಲಿ ತೊಳೆಯಲು ಹೋದೆ. ಸ್ಪೇನ್ ದೇಶದಿಂದ ಬಂದ ಇಬ್ಬರು ಅಲ್ಲಿದ್ದರು. ಒಬ್ಬರು ಡಾಕ್ಟರ್ ಸಿಸ್ಟರ್ ಪಿಲಾರ್, ಇನ್ನೊಬ್ಬರು ಅಡುಗೆ ನೋಡಿಕೊಳ್ಳುವ ಸಿಸ್ಟರ್. ನಿನ್ನ ಅಜ್ಜಿ ಮಾಳಮ್ಮ ಹೊಸ್ತಿಲಲ್ಲಿ ನಿಂತು ತಾಕೀತು ಮಾಡಿದ್ದಳು: "ಬಾಟ್ಲಿ ತೊಳಿ, ಅವರ ಮನ್ಯಾಗ ನೀರ ಕುಡೀಬ್ಯಾಡ. ಲಿಂಗಾ ಬಿಚ್ಚಿಸ್ತಾರ." ಎರಡು ವರ್ಷ ಕೊಡದಲ್ಲಿ ಮನೆಯ ನೀರನ್ನೇ ಒಯ್ದು ಕುಡಿದೆ. ಯಾರೂ ಏನೂ ಬಿಚ್ಚಿಸಲಿಲ್ಲ.

ಅಡುಗೆ ಸಿಸ್ಟರ್ ಒಂದೊಂದು ಪಾತ್ರೆ ಎತ್ತಿ ಹಿಡಿದು ಅದರ ಹೆಸರು ಹೇಳುತ್ತಿದ್ದಳು. ಗಡಿಗೆಗೆ ಓಯಾ, ಚಮಚಕ್ಕೆ ಕುಚಾರಾ. ನಾನು ಬೂದಿ ಹಚ್ಚಿ ತಿಕ್ಕುತ್ತ ಅದನ್ನೇ ಅನ್ನುತ್ತಿದ್ದೆ. ಸುಲ್ತಾನಬಿ ಆಗ ಬಾಣಂತಿಯರ ಕೋಣೆಯ ಆಯಾ. ಕಿಟಕಿಯಲ್ಲಿ ಮುಖ ಇಟ್ಟು, "ಅರೆ ಕಸ್ತೂರಿ, ಗಂಗಾಳದ ಸಂಗಟ ಏನ್ ಮಾತಾಡಾಕತ್ತಿ, ಅದು ಜವಾಬು ಕೊಡ್ತದೇನ?" ಎಂದು ಕಾಡುತ್ತಿದ್ದಳು. ಕೊಡುತ್ತಿತ್ತು. ಎರಡು ವರ್ಷದಲ್ಲಿ ಸಿಸ್ಟರುಗಳು ತಮ್ಮತಮ್ಮಲ್ಲೇ ಜಗಳಾಡಿದ್ದೂ ನನಗೆ ತಿಳಿಯತೊಡಗಿತು.

ಒಂದು ದಿನ ಒಬ್ಬ ಕುರಿಗಾರರ ಹೆಂಗಸು ಹೊಟ್ಟೆ ಹಿಡಿದುಕೊಂಡು ಬಂದಳು. ಪಿಲಾರ್ ಕೇಳುತ್ತಾಳೆ, ಅವಳು ಹೇಳುತ್ತಾಳೆ, ಇವಳದು ಅವಳಿಗೆ ತಿಳಿಯದು, ಅವಳದು ಇವಳಿಗೆ ತಿಳಿಯದು. ನಾನು ಬಚ್ಚಲಿನಿಂದ ಎದ್ದು ಬಂದು ನಡುವೆ ನಿಂತೆ. ಕೈಯಲ್ಲಿ ಬೂದಿ ಹಾಗೇ ಇತ್ತು. ಆ ಹೆಂಗಸು ಅಂದದ್ದು, "ಹೊಟ್ಯಾಗ ಇಲಿ ಓಡ್ಯಾಡಿದಂಗ ಆಗ್ತದ." ನಾನು ಹಾಗೇ ಹೇಳಿದೆ, ಇಲಿ ಎಂದು. ಪಿಲಾರ್ ಗಾಬರಿಯಾಗಿ, ಇಲಿ ತಿಂದಿದ್ದಾಳೇನು ಎಂದು ಕೇಳಿದಳು. ಹೀಗೆ ಶುರುವಾಯಿತು ನನ್ನ ಕಾಲೇಜು. ಛಳಕು ಬೇರೆ, ಸೆಳೆತ ಬೇರೆ, ಜೋಮು ಬೇರೆ, ಉರಿ ಬೇರೆ. ಒಂದೊಂದಕ್ಕೂ ಅವರ ಭಾಷೆಯಲ್ಲಿ ಏನನ್ನಬೇಕೆಂದು ಹುಡುಕಿ ಹುಡುಕಿ ಹಿಡಿದಿದ್ದೇನೆ. ಗಂಡನ ಹೆಸರು ಹೇಳದ ಹೆಂಗಸರ ಕಾರ್ಡಿನಲ್ಲಿ ಗಂಡನ ಹೆಸರು ಬರೆಸಿದ್ದೇನೆ. ದಿಲ್ಲಿಯ ನಿಮ್ಮ ಪ್ರೊಫೆಸರರಿಗೆ ಕೇಳಿ ನೋಡು, ಕಾಲಿನ ಜೋಮಿಗೆ ಏನನ್ನುತ್ತಾರೆ ಎಂದು. ಅವರಿಗೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಜೋಮು ಹಿಡಿದ ಕಾಲಿನವಳು ಎದುರಿಗೆ ಕೂತಿರುವುದಿಲ್ಲ.

ನೀನು ಹೊಲಿಸಿಕೊಂಡ ಆ ಹಸಿರು ಚೀಲದ ಹಿಡಿಕೆ ಗಟ್ಟಿಯಿಲ್ಲ. ಬರೆಯುವಾಗ ನೆನಪಾಯಿತು. ಇನ್ನೊಂದು ಹೊಲಿಗೆ ಹಾಕಿಸು. ರೈಲಿನಲ್ಲಿ ಎರಡು ರಾತ್ರಿ, ಯಾರ ಕೈಯ ಚಹಾನೂ ಕುಡಿಯಬೇಡ. ಕೌದಿ ಇಲ್ಲೇ ಬಿಟ್ಟು ಹೋಗಿದ್ದೀ. ಅದನ್ನೂ ಬಸವಂತರಾಯನ ಕೈಯಲ್ಲಿ ಕಳಿಸುತ್ತೇನೆ. ಸಿಟ್ಟು ಹೋಗಿದೆ ಎಂದು ತಿಳಿಯಬೇಡ. ಚಳಿಗೆ ನನ್ನ ಸಿಟ್ಟು ಗೊತ್ತಿರುವುದಿಲ್ಲ.

ನಿನಗೆ ಸ್ಪ್ಯಾನಿಷ್ ಎಲ್ಲಿ ಸಿಕ್ಕಿತು ಎಂಬುದನ್ನು ನಾನೇ ನೆನಪು ಮಾಡಿಕೊಡುತ್ತೇನೆ. ನಿನಗೆ ಮೂರು ವರ್ಷ. ದವಾಖಾನಿಯ ಕಟ್ಟೆಯ ಮೇಲೆ ಕೂಡಿಸಿ ನಾನು ಕಲಿಸಿದ ಮೊದಲ ಶಬ್ದ ನೀರಲ್ಲ, ಅನ್ನವಲ್ಲ. ಓಯ್. ಓಯ್ ಅಂದರೆ ಇವತ್ತು. ಅಡುಗೆ ಸಿಸ್ಟರ್ ಕೂಡ ಕೇಳಿದ್ದಳು, ಇಷ್ಟು ಸಣ್ಣ ಕೂಸಿಗೆ ಇವತ್ತು ನಾಳೆ ಏನು ತಿಳಿಯುತ್ತದೆ, ಹಾಲು ಬ್ರೆಡ್ಡು ಕಲಿಸು ಎಂದು. ನಾನು ಕೇಳಲಿಲ್ಲ. ದಿನಾ ಬೆಳಿಗ್ಗೆ ಕ್ಯಾಲೆಂಡರಿನ ಮುಂದೆ ಎತ್ತಿ ಹಿಡಿದು, ಬೆರಳಿಡಿಸಿ, ಓಯ್ ಅನ್ನಿಸುತ್ತಿದ್ದೆ. ಯಾಕೆ ಎಂದು ನೀನು ಯಾವತ್ತೂ ಕೇಳಲಿಲ್ಲ. ಇವತ್ತು ಹೇಳುತ್ತೇನೆ. ಸ್ವಲ್ಪ ತಡಿ.

ಆಳಂದದ ಸಂಬಂಧ ಬಂದಿತ್ತು ನನಗೆ. ದೊಡ್ಡ ಮನೆ, ಒಳ್ಳೆಯ ಜನ. ಕೂಸನ್ನು ಅಜ್ಜಿಯ ಹತ್ತಿರ ಬಿಟ್ಟು ಬಾ ಅಂದರು. ನಾನು ತಾಂಬೂಲ ತಿರುಗಿ ಕಳಿಸಿದೆ. ಇದನ್ನು ಎತ್ತಿ ಆಡಬಾರದು ಅಂದುಕೊಂಡಿದ್ದೆ, ಆಡಿಬಿಟ್ಟೆ. ಇರಲಿ. ಹೊಡೆದು ಹಾಕಿದರೆ ಹಾಳೆ ಹೊಲಸಾಗುತ್ತದೆ.

ನೀನು ಏಳನೆಯ ತರಗತಿಗೆ ಬರುವಷ್ಟರಲ್ಲಿ ನನ್ನನ್ನು ದಾಟಿದೆ. ಪಿಲಾರ್ ನಿನಗೆ ವ್ಯಾಕರಣದ ಪುಸ್ತಕ ತರಿಸಿಕೊಟ್ಟಳು. ಸಂತೆಯಲ್ಲಿ ನಾವಿಬ್ಬರೂ ಬದನೆಕಾಯಿ ಹುಳುಕು ಎಂದು ಸ್ಪ್ಯಾನಿಷಿನಲ್ಲಿ ಮಾತಾಡಿಕೊಂಡರೆ ಕಾಯಿಪಲ್ಲೆಯವಳು, "ನಂಗ ಬೈಯಾಕತ್ತೀರಿ, ಮುಖಾ ನೋಡಿದ್ರ ತಿಳೀತದ್ರಿ" ಅನ್ನುತ್ತಿದ್ದಳು. ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ತೊಂಬತ್ತೊಂದರಲ್ಲಿ ಪಿಲಾರ್ ಮುದುಕಿಯಾಗಿ ತನ್ನ ದೇಶಕ್ಕೆ ಹೋದಳು. ಅಡುಗೆ ಸಿಸ್ಟರ್ ಅದಕ್ಕೂ ಮೊದಲೇ ಹೋಗಿದ್ದಳು. ಈಗಿರುವವರು ಕೇರಳದ ಸಿಸ್ಟರುಗಳು. ಒಳ್ಳೆಯವರು, ಆರು ತಿಂಗಳಲ್ಲಿ ಕನ್ನಡ ಕಲಿತರು, ನನ್ನ ನಡುವಿನ ಕೆಲಸ ಮುಗಿಯಿತು. ಈಗ ಇಡೀ ಜೇವರ್ಗಿಯಲ್ಲಿ ನನ್ನ ಸಂಗಡ ಆ ಭಾಷೆ ಆಡುವವಳು ನೀನೊಬ್ಬಳೇ. ನೀನು ದಿಲ್ಲಿಗೆ ಹೋಗಿ ಅದನ್ನು ಬೆಳೆಸುತ್ತೀ. ನನ್ನ ಬಾಯಲ್ಲಿ ಅದು ಒಣಗುತ್ತದೆ. ನೀನು ಮರೆಯಬೇಕಾದ್ದನ್ನು ನಾನು ಸುಮ್ಮನೆ ಕೂತಲ್ಲೇ ಮರೆಯುತ್ತೇನೆ, ಅದಕ್ಕೆ ರೈಲು ಬೇಕಿಲ್ಲ.

ಅದಕ್ಕೇ ಭಾನುವಾರ ಸಂಜೆ ಜಗಳ ತೆಗೆದೆ. ಪುಣೆ ಅಂದೆ. ಪುಣೆಯಲ್ಲೂ ಕಲಿಸುತ್ತಾರೆ, ಒಂದು ರಾತ್ರಿಯ ದಾರಿ, ಹಬ್ಬಕ್ಕೆ ಬಂದು ಹೋಗಬಹುದು. ಅಲ್ಲಿ ಬರೀ ಸರ್ಟಿಫಿಕೇಟು, ದಿಲ್ಲಿಯಲ್ಲಿ ಐದು ವರ್ಷದ ಓದು ಅಂದೆ ನೀನು. ಹಾಗಾದರೆ ಗುಲಬರ್ಗಾದಲ್ಲೇ ಬಿ.ಎ. ಓದು, ಸ್ಪ್ಯಾನಿಷ್ ಮನೆಯಲ್ಲಿ ನನ್ನ ಸಂಗಡ ಆಡು ಅಂದೆ. ಅದು ಹುಚ್ಚು ಮಾತು. ಬಾಯಿಂದ ಹೊರಬೀಳುವಾಗಲೇ ನನಗೆ ಗೊತ್ತಿತ್ತು. ದಿಲ್ಲಿಯ ಚಳಿ ಅಂದೆ, ಜನ ಕೆಟ್ಟವರು ಅಂದೆ, ನಿನ್ನ ಎದೆ ಮೊದಲೇ ಕಫದ್ದು ಅಂದೆ. ಆಗ ನೀನು ಬಾಗಿಲ ಚೌಕಟ್ಟು ಹಿಡಿದು ನಿಂತು ಅಂದೆ:

"ನಮ್ಮವ್ವಗ ಗುಲಬರ್ಗಾಕ್ಕ ಹೋಗು ಅಂದ್ರ ಹೋಗಲಿಲ್ಲ. ಹಟಾ ಮಾಡಿ ಮನ್ಯಾಗ ಕುಂತ್ಲು, ಸತ್ಲು. ಟ್ರಂಕಿನ್ಯಾಗ ದವಾಖಾನಿ ಕಾರ್ಡು ಅದ, ನಾ ಓದೇನಿ. ನಾ ಆಕಿ ಹಂಗ ಕೂಡಂಗಿಲ್ಲ ಸಣ್ಣವ್ವಾ. ಹೋಗು ಅಂದಾರ, ಹೋಗ್ತೇನಿ."

ಯಾವಾಗ ಓದಿದೆ ಅದನ್ನು? ಹೋದ ವರ್ಷವೋ, ಅದಕ್ಕೂ ಮೊದಲೋ? ನಿನ್ನ ಅವ್ವನ ಫೋಟೋಕ್ಕೆ ಹೂ ಏರಿಸುವುದನ್ನು ನೀನು ಬಿಟ್ಟೆಯಲ್ಲ, ಕಾಲೇಜು ಕಲಿತವಳ ಸೊಕ್ಕು ಅಂದುಕೊಂಡಿದ್ದೆ. ಅದಲ್ಲ ಎಂದು ಈಗ ತಿಳಿಯಿತು. ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಬ್ಬ ತಾಯಿ ಹಟ ಮಾಡಿದಳು, ನೀನು ಬದುಕಲಿ ಎನ್ನುವಷ್ಟೂ ಅವಳಿಗೆ ಅನಿಸಲಿಲ್ಲ ಎಂದು ಇಷ್ಟು ದಿನ ಒಬ್ಬಳೇ ತಿಂದುಕೊಂಡು ತಿರುಗಿದ್ದೀ. ಅದನ್ನು ಓದುವ ವಿದ್ಯೆ ಕಲಿಸಿದವಳು ನಾನು. ಅದನ್ನು ಬರೆಯಿಸಿದವಳೂ ನಾನೇ.

ಇನ್ನು ಆ ದಿನದ್ದನ್ನು ಬರೆಯುತ್ತೇನೆ. ನೀರು ಕುಡಿದು ಬಂದು ಕೂತಿದ್ದೇನೆ.

ಎಪ್ಪತ್ತಾರನೆಯ ಇಸವಿ, ಎಳ್ಳಮವಾಸ್ಯೆ ಮುಗಿದ ವಾರ. ನಿನ್ನ ಅವ್ವ ದ್ರೌಪದಿ ಒಂಬತ್ತು ತಿಂಗಳ ಬಸುರಿ, ಉಡಿ ತುಂಬುವ ಕುಬುಸಕ್ಕೆಂದು ಅತನೂರಿನಿಂದ ತವರಿಗೆ ಬಂದಿದ್ದಳು. ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಕಾಲು ಬಾತಿದ್ದವು, ಮುಖವೂ ಬಾತಿತ್ತು. ಬೀಗರು, "ಮೈ ಬಂದದ, ಗಂಡ ಹುಟ್ತದ" ಅನ್ನುತ್ತಿದ್ದರು. ತಲೆ ಸಿಡಿಯುತ್ತದೆ, ಕಣ್ಣ ಮುಂದೆ ಮಿಂಚಿದ ಹಾಗೆ ಆಗುತ್ತದೆ ಎಂದು ನನ್ನೊಬ್ಬಳ ಮುಂದೆ ಹೇಳಿದಳು. ಕುಬುಸ ಮಧ್ಯಾಹ್ನಕ್ಕೆ ಇತ್ತು. ಬೆಳಿಗ್ಗೆ ನಾನೇ ಕರೆದೆ: "ಬಾ ಯಕ್ಕಾ, ಸಿಸ್ಟರ್‌ಗ ಒಮ್ಮೆ ತೋರ್ಸಿ ಬರೂಣು." ಆಗಲೇ ಹಸಿರು ಬಳೆ ಇಡಿಸಿಕೊಂಡಿದ್ದಳು. ಹಸಿರು ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಬಂದಳು.

ಪಿಲಾರ್ ತೋಳಿಗೆ ಪಟ್ಟಿ ಕಟ್ಟಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು. ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ. ಇವಳು ಗುಲಬರ್ಗಾದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಓಯ್. ಓಯ್ ಮಿಸ್ಮೊ, ಇವತ್ತೇ, ಈಗಲೇ. ಜೀಪು ಇದೆ. ಹೋಗದಿದ್ದರೆ ಇವಳೂ ಸಾಯಬಹುದು, ಕೂಸೂ ಸಾಯಬಹುದು. ಇದನ್ನು ಹೀಗೇ ಹೇಳು, ಅವಳಿಗೆ ಹೆದರಿಕೆ ಆಗಬೇಕು.

ಅಕ್ಕ ನನ್ನ ಮುಖ ನೋಡಿ ಕೇಳಿದಳು: "ಏನಂತಾರ?"

ಶಿವಕಾಂತಾ, ನೀನು ಓದಿದವಳು. ನಿನಗೆ ಇದು ಮೂರ್ಖತನವಾಗಿ ಕಾಣುತ್ತದೆ. ಆದರೆ ಬಳೆ ಇಡಿಸಿಕೊಂಡ ಬಸುರಿಯ ಮುಂದೆ ನಮ್ಮಲ್ಲಿ ಹರಿದ ಬಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಖಾಲಿ ಕೊಡ ಎದುರಿಗೆ ತರುವುದಿಲ್ಲ. ಉಡಿ ತುಂಬುವ ದಿನ, ಕೆಟ್ಟದ್ದು ಯಾರ ಬಾಯಿಂದ ಬಂತೋ ಅವರಿಂದಲೇ ಅದು ತಟ್ಟಿತು ಅನ್ನುತ್ತಾರೆ. ನನಗೆ ಇಪ್ಪತ್ತೊಂದು ವರ್ಷ. ಸಾಯುತ್ತೀ ಎಂಬ ಮಾತು ಹಸಿರು ಬಳೆಯ ಮುಂದೆ ನನ್ನ ಬಾಯಿಂದ ಹೇಗೆ ಬರಬೇಕು. ಅಕ್ಕ ನಗುತ್ತಿದ್ದಳು. ಮನೆಯಲ್ಲಿ ನೆಂಟರು ಕೂತಿದ್ದರು, ಹೋಳಿಗೆಯ ಕಣಕ ನಾದಿ ಇಟ್ಟಿತ್ತು.

ನಾನು ಅಂದೆ: "ಉಪ್ಪ ಕಡಿಮಿ ತಿನ್ನು ಅಂತಾರ. ಕುಬುಸ ಮುಗೀಲಿ, ನಾಡಿದ್ದ ಗುಲಬರ್ಗಾಕ್ಕ ಹೋಗಿ ಒಮ್ಮೆ ತೋರ್ಸಿ ಬರ್ರಿ ಅಂತಾರ."

ಅಕ್ಕ ಅಂದಳು, "ಹೂಂ, ಹೋಗೂಣು."

ಪಿಲಾರ್ ನನ್ನನ್ನು ಕೇಳಿದಳು, ತಿಳಿಯಿತೇ ಅವಳಿಗೆ? ಸಿ, ಅಂದೆ. ಹೌದು ಎಂದು. ಹೋಗುತ್ತಾಳೆಯೇ? ಸಿ. ಹೊರಗೆ ಡ್ರೈವರ್ ಅಣ್ಣಾರಾಯ ಜೀಪಿಗೆ ನೀರು ಹಾಕುತ್ತಿದ್ದ. ಅತನೂರಿನವರೇ ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ಜೀಪು ಬೇಡ ಎಂದು ಪಿಲಾರಳಿಗೆ ಹೇಳಿ, ಅವನನ್ನೂ ನಾನೇ ಕಳಿಸಿದೆ. ಇದು ಎರಡನೆಯ ಸುಳ್ಳು. ಉಡಿ ತುಂಬುವುದು ಮುಗಿದ ಕೂಡಲೇ ಅವ್ವನ ಕಿವಿಯಲ್ಲಿ ಹೇಳುವುದು, ಸಂಜೆಯ ಬಸ್ಸಿಗಾದರೂ ಹೊರಡಿಸುವುದು ಎಂದುಕೊಂಡಿದ್ದೆ. ಸಂಜೆ ಅಕ್ಕ ದಣಿದು ಮಲಗಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಅಂದುಕೊಂಡೆ. ಎಲ್ಲದಕ್ಕೂ ಹೆದರಿ ಸಾಯುವವಳು ನಾನು, ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವವಳು. ಹೆದರಬೇಕಾದ ಆ ಒಂದು ದಿನ ಬೇರೆ ಯಾವುದಕ್ಕೋ ಹೆದರಿದೆ.

ಬೆಳಗಾಗುವಾಗ ಅವಳಿಗೆ ಝಟಕಾ ಬಂತು. ಹಲ್ಲು ಕಚ್ಚಿ, ಮೈ ಸೆಟೆದು, ಬಳೆಗಳೆಲ್ಲ ನೆಲಕ್ಕೆ ಬಡಿದು ಒಡೆದವು. ಅದೇ ಜೀಪಿನಲ್ಲಿ ಒಯ್ದೆವು. ಪಿಲಾರ್ ದಾರಿಯುದ್ದ ಅವಳ ತಲೆ ಹಿಡಿದು ಕೂತಿದ್ದಳು. ಗುಲಬರ್ಗಾದಲ್ಲಿ ಹೊಟ್ಟೆ ಕೊಯ್ದು ನಿನ್ನನ್ನು ತೆಗೆದರು. ಮಧ್ಯಾಹ್ನಕ್ಕೆ ಅಕ್ಕ ಹೋದಳು. ನಾಡಿದ್ದು ಬರಲೇ ಇಲ್ಲ.

ಇಷ್ಟಾದರೆ ಇದು ತಪ್ಪು. ಮುಂದಿನದು ತಪ್ಪಲ್ಲ, ಪಾಪ. ಮೂರನೆಯ ದಿನ ಪಿಲಾರ್ ನನ್ನನ್ನು ಔಷಧಿಯ ಕೋಣೆಗೆ ಕರೆದು ಕೇಳಿದಳು. ನೀನು ಹೇಳಿದೆಯಾ ಅವಳಿಗೆ? ನಾನು ಹೇಳಿದ ಹಾಗೇ ಹೇಳಿದೆಯಾ? ಹೇಳಿದೆ, ಅಂದೆ. ಮತ್ತೆ ಯಾಕೆ ಹೋಗಲಿಲ್ಲ? ನಾನು ಅಂದೆ, ಅವಳೇ ಒಲ್ಲೆ ಅಂದಳು.

ಪಿಲಾರ್ ಕೂತು ಕಾರ್ಡಿನ ಕೊನೆಯಲ್ಲಿ ಬರೆದಳು. ನೀನು ಓದಿದ ಸಾಲು ಅದು. ರೋಗಿಯೇ ಹೋಗಲು ಒಪ್ಪಲಿಲ್ಲ. ನನ್ನ ಕಣ್ಣ ಮುಂದೆಯೇ ಮಸಿ ಒಣಗಿತು. ಮಣ್ಣಿನಲ್ಲಿ ಮಲಗಿದ ಅಕ್ಕನ ಮೇಲೆ ಹಾಕಿದೆ. ಅವಳು ಬಂದು ಅಲ್ಲವೆನ್ನುವಂತಿರಲಿಲ್ಲ.

ನಿನ್ನ ಅವ್ವ ಒಲ್ಲೆ ಅನ್ನಲಿಲ್ಲ ಮಗಳೇ. ಹೂಂ, ಹೋಗೋಣ ಅಂದಳು. ಇವತ್ತೇ ಅಂದಿದ್ದರೆ ಆ ಹಸಿರು ಸೀರೆಯಲ್ಲೇ ಜೀಪು ಹತ್ತುತ್ತಿದ್ದಳು. ನಿನಗಾಗಿ ಹತ್ತುತ್ತಿದ್ದಳು. ಅತನೂರಿನಿಂದ ಬರುವಾಗ ಬಸ್ಸಿನಲ್ಲಿ ಕುಲುಕಾಡಿದರೆ ಕೂಸಿಗೆ ತ್ರಾಸು ಎಂದು ದಾರಿಯುದ್ದ ಎರಡೂ ಕೈ ಹೊಟ್ಟೆಗೆ ಹಿಡಿದು ಬಂದವಳು ಅವಳು. ಅವಳಿಗೆ ಯಾರೂ ಹೇಳಲೇ ಇಲ್ಲ.

ಪಿಲಾರಳ ಮೇಲೂ ನನಗೆ ಸಿಟ್ಟಿದೆ. ಇಪ್ಪತ್ತೆರಡು ವರ್ಷ ಇಲ್ಲಿಯ ನೀರು ಕುಡಿದಳು. ಬಾ, ಕೂಡ್ರು, ಬಾಯಿ ತೆಗಿ, ಇಷ್ಟೇ ಕನ್ನಡ ಕಲಿತಳು. ಕಸ್ತೂರಿ ಇದ್ದಾಳಲ್ಲ, ಕಸ್ತೂರಿ ಹೇಳುತ್ತಾಳೆ. ಸಾವು ಬದುಕಿನ ಮಾತನ್ನು ಬಾಟಲಿ ತೊಳೆಯುವ ಹುಡುಗಿಯ ಬಾಯಲ್ಲಿಟ್ಟು ಕೈ ತೊಳೆದುಕೊಂಡಳು. "ಇವತ್ತ ಹೋಗಬೇಕು ನೋಡವ್ವಾ" ಎಂದು ಒಂದು ಸಾಲು ಅವಳಿಗೇ ಬಂದಿದ್ದರೆ ನಡುವೆ ನಾನೇಕೆ ನಿಲ್ಲುತ್ತಿದ್ದೆ. ಹೀಗೆ ಎಷ್ಟೋ ಸಲ ಅವಳನ್ನು ಬೈದುಕೊಂಡಿದ್ದೇನೆ. ಬೈದು ಮುಗಿದ ಮೇಲೆ, ಸಿ ಅಂದವಳು ಯಾರು ಎಂಬುದು ಉಳಿಯುತ್ತದೆ. ಅವಳು ಊರು ಬಿಡುವ ದಿನ ಹೇಳಿಬಿಡಬೇಕೆಂದು ಜೀಪಿನ ತನಕ ಹೋದೆ. ಅವಳು ನನ್ನ ಎರಡೂ ಕೆನ್ನೆ ಹಿಡಿದು, ನೀನು ನನ್ನ ನಾಲಿಗೆಯಾಗಿದ್ದೆ, ಅಂದಳು. ಹೇಳಲಾಗಲಿಲ್ಲ.

ಕೇರಳದ ಸಿಸ್ಟರುಗಳು ಹಳೆಯ ಕಾರ್ಡುಗಳನ್ನು ಸುಡಲು ತೆಗೆದಾಗ ಅದೊಂದನ್ನು ಎತ್ತಿಕೊಂಡು ಬಂದೆ. ಎರಡು ಸಲ ಒಲೆಯ ತನಕ ಒಯ್ದಿದ್ದೇನೆ. ಅದರಲ್ಲಿ ಅಕ್ಕನ ಹೆಸರು ಇದೆ, ಅವಳ ತೂಕ ಇದೆ, ನಿನ್ನ ಎದೆಬಡಿತ ಕೇಳಿ ಪಿಲಾರ್ ಬರೆದ ಅಂಕಿ ಇದೆ. ಒಲೆಗೆ ಹಾಕಲು ಕೈ ಬರಲಿಲ್ಲ.

ನೀನು ಈ ಭಾಷೆ ಕಲಿಯಲೇಬೇಕೆಂದು ನಾನು ಹಟ ಹಿಡಿದದ್ದು ಯಾಕೆ ಎಂದು ಈಗ ನಿನಗೆ ತಿಳಿದಿರಬೇಕು. ಓದಿ ದೊಡ್ಡವಳಾಗಲಿ ಎಂದಲ್ಲ, ಸುಳ್ಳೇಕೆ. ಮುಂದೆ ಪಿಲಾರಳ ಕುರ್ಚಿಯ ಪಕ್ಕದಲ್ಲಿ ನನ್ನ ಜಾಗದಲ್ಲಿ ನಿಲ್ಲುವವಳು ಇವತ್ತು ಎಂಬುದನ್ನು ಇವತ್ತು ಎಂದೇ ಹೇಳುವವಳಾಗಿರಲಿ ಎಂದು. ಅದಕ್ಕೆ ಆ ಶಬ್ದ ಮೊದಲು. ನೀನು ತಯಾರಾಗುವಷ್ಟರಲ್ಲಿ ಆ ಕುರ್ಚಿಯೇ ಹೋಯಿತು. ಇರಲಿ, ಎಲ್ಲೋ ಒಂದು ಕಡೆ ಇನ್ನೊಂದು ಕುರ್ಚಿ ಇರುತ್ತದೆ. ಇಬ್ಬರ ನಡುವೆ ನಿಂತು ಮಾತು ದಾಟಿಸುವ ಕೆಲಸವೇ ನಿನ್ನ ಪಾಲಿಗೆ ಬಂದರೆ, ಎದುರಿಗಿನವರ ಬಳೆ ನೋಡಬೇಡ, ಮುಖ ನೋಡಬೇಡ, ಹೇಳಿದ್ದನ್ನು ಹೇಳು. ದಿಲ್ಲಿಯಲ್ಲಿ ವ್ಯಾಕರಣ ಕಲಿಸುತ್ತಾರೆ. ಇದನ್ನು ಭಾಂಡೆ ತಿಕ್ಕಿದವಳಿಂದ ಕಲಿ.

ಪುಣೆಯ ಮಾತು ಬಿಟ್ಟಿದ್ದೇನೆ. ದಿಲ್ಲಿಗೇ ಹೋಗು. ಒಂದು ದಿನವೂ ತಡ ಮಾಡಬೇಡ.

ಕಾರ್ಡನ್ನು ಈ ಲಕೋಟೆಯಲ್ಲಿಯೇ ಇಟ್ಟಿದ್ದೇನೆ. ಪಿಲಾರಳ ಸಾಲಿನ ಕೆಳಗೆ ಸ್ವಲ್ಪ ಜಾಗವಿತ್ತು. ಅಲ್ಲಿ ನಾನು ಸ್ಪ್ಯಾನಿಷಿನಲ್ಲಿ ಬರೆದಿದ್ದೇನೆ, ಇದು ಸುಳ್ಳು, ಅವಳಿಗೆ ನಾನು ಹೇಳಲಿಲ್ಲ ಎಂದು. ಕೆಳಗೆ ನನ್ನ ಹೆಸರಿದೆ. ನನಗೆ ಆಡಲು ಬರುತ್ತದೆ, ಬರೆಯಲು ಸರಿಯಾಗಿ ಬರುವುದಿಲ್ಲ. ಅಕ್ಷರ ತಪ್ಪಿದ್ದರೆ ತಿದ್ದು. ಮಾತನ್ನು ತಿದ್ದಬೇಡ.

ಇಷ್ಟು ಓದಿದ ಮೇಲೆ ನನ್ನ ಮುಖ ನೋಡುವುದಿಲ್ಲ ಎಂದು ನೀನು ಅಂದುಕೊಂಡರೆ ಅದು ನಿನ್ನ ನ್ಯಾಯ. ನನಗೆ ಅದೇ ಹೆದರಿಕೆ, ಹದಿನೆಂಟು ವರ್ಷದಿಂದ ಅದೊಂದೇ ಹೆದರಿಕೆ, ಉಳಿದ ಹೆದರಿಕೆಗಳೆಲ್ಲ ಅದರ ಮರಿಗಳು. ಆದರೆ ಉತ್ತರ ಬರಿ. ಬೈದು ಬರಿ. ಸ್ಪ್ಯಾನಿಷಿನಲ್ಲಿ ಬರಿ, ನಿನಗೆ ಗೊತ್ತಿರುವ ದೊಡ್ಡ ಶಬ್ದಗಳನ್ನೆಲ್ಲ ಹಾಕಿ ಬರಿ. ನಿಧಾನವಾಗಿ ಕ್ಯಾಲೆಂಡರಿನ ಕೆಳಗೆ ಕೂತು ನಾನೇ ಓದಿಕೊಳ್ಳುತ್ತೇನೆ. ನಜಮುನ್ನಿಸಾಳ ಕಡೆ ಒಯ್ಯುವುದಿಲ್ಲ. ನಡುವೆ ಯಾರನ್ನೂ ನಿಲ್ಲಿಸುವುದಿಲ್ಲ.

ಹೋಗುವ ಮೊದಲು ಅತನೂರಿನಲ್ಲಿರುವ ನಿನ್ನ ಅವ್ವನ ಗದ್ದುಗೆಗೆ ಹೋಗಿ ಒಂದು ಹೂ ಇಡು. ಅವಳ ಕಡೆ ಮುಖ ಮಾಡಿ ಒಂದು ಮಾತು ಹೇಳು, ಇವತ್ತೇ ಎಂದು. ನಾನು ಹೇಳಬೇಕಿತ್ತು, ಹೇಳಲಿಲ್ಲ.

ಸಿಟ್ಟು ಇನ್ನೂ ಇದೆ. ನಿನ್ನ ಮೇಲಿನದು ಎಷ್ಟು, ನನ್ನ ಮೇಲಿನದು ಎಷ್ಟು ಎಂದು ಇಷ್ಟು ಬರೆದರೂ ಬೇರೆ ಮಾಡಲಾಗಲಿಲ್ಲ. ಆದರೂ ಮೊದಲ ಹಾಳೆಯಲ್ಲಿ ಬರೆಯದೆ ಬಿಟ್ಟದ್ದು ಹಾಗೇ ಉಳಿದುಕೊಂಡಿದೆ. ಅದನ್ನು ಈಗ ಬರೆಯುತ್ತೇನೆ. ನೂರು ವರ್ಷ ಬಾಳು ಮಗಳೇ. ನಿನ್ನ ಅವ್ವನ ಆಯುಷ್ಯವೂ ನಿನಗೇ ಸೇರಲಿ. ನಿನ್ನ ನಾಲಿಗೆ ಯಾರಿಗೂ ಹೆದರದಿರಲಿ.

ಕೌದಿ ಮರೆಯಬೇಡ.

ನಿನ್ನ ಸಣ್ಣವ್ವ,
ಕಸ್ತೂರಿಬಾಯಿ